ಹುಣಸೆಹಣ್ಣಿನಲ್ಲಿ ತೊಳೆದ ಕತ್ತಿ

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ. ಅದು ಅಪ್ಪ ಕತ್ತಿ ಇಳಿಸುವ ಹೊತ್ತು. ಡಬ್ಲಿನ್ ಹೊರವಲಯದ ಬ್ಲಾಂಚರ್ಡ್ಸ್‌ಟೌನಿನ ಆ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ, ಯಾರೂ ಹಚ್ಚದ ಗ್ಯಾಸ್ ಫೈರ್‌ಪ್ಲೇಸಿನ ಮೇಲೆ, ಒಂದು ಮರದ ಸ್ಟ್ಯಾಂಡಿನಲ್ಲಿ ಅದು ಮಲಗಿರುತ್ತಿತ್ತು. ಮುನ್ನೂರು ವರ್ಷದ ಹಿಂದಿನದೆಂದು ಅಪ್ಪ ಹೇಳುತ್ತಿದ್ದ ಜಪಾನಿ ಕತ್ತಿ. ಪಕ್ಕದ ಮೀತ್ ಜಿಲ್ಲೆಯ ಯಾವುದೋ ದೊಡ್ಡ ಮನೆಯ ಸಾಮಾನು ಹರಾಜಾಗುವಾಗ, ಆಫೀಸಿನ ಐರಿಷ್ ಗೆಳೆಯನ ಜೊತೆ ಸುಮ್ಮನೆ ನೋಡಲು ಹೋದವರು ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದಿದ್ದರು. ಅದಕ್ಕೆ ಜಾಗವಾಗಲೆಂದು ನನ್ನ ಬೂಸ್ಟರ್ ಸೀಟನ್ನು ತೆಗೆದು ಡಿಕ್ಕಿಗೆ ಹಾಕಿದ್ದರು. ಉಸಿರಿನ ತೇವ ತಾಗಿದರೆ ಅಲಗಿಗೆ ತುಕ್ಕು ಹಿಡಿಯುತ್ತದೆ, ಅದಕ್ಕೇ ಜಪಾನಿನವರು ಕತ್ತಿ ನೋಡುವಾಗ ಬಾಯಲ್ಲಿ ಕಾಗದ ಕಚ್ಚಿಕೊಂಡಿರುತ್ತಾರೆ ಎಂದು ಅವರು ಎಲ್ಲೋ ಓದಿದ್ದರು. ಕತ್ತಿಗಿಂತ ಈ ಪದ್ಧತಿಯೇ ಅವರಿಗೆ ಹೆಚ್ಚು ಹಿಡಿಸಿತ್ತೆಂದು ನನಗೀಗ ಅನ್ನಿಸುತ್ತದೆ. ಅಮ್ಮನಿಗೊಂದು, ನನಗೊಂದು ಮಡಿಸಿದ ಟಿಶ್ಯೂ ಕೊಡುತ್ತಿದ್ದರು. ನಾವಿಬ್ಬರೂ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸೋಫಾದ ಮೇಲೆ ಕೂರಬೇಕು. ಅಪ್ಪ ಬಿಳಿ ಕೈಗವಸು ಹಾಕಿಕೊಂಡು ಅಲಗಿಗೆ ಲವಂಗದೆಣ್ಣೆ ಸವರುತ್ತಿದ್ದರು. ಅದು ಮುಕ್ಕಾಲು ಗಂಟೆಯ ಕೆಲಸ.

ಒಮ್ಮೆ ಅಮ್ಮ ನಡುವೆ ಎದ್ದುಹೋಗಿ ಅಡುಗೆಮನೆಯಿಂದ ಓಡಿಬಂದು, "ರೀ, ವಾಷಿಂಗ್ ಮೆಷಿನ್ ಸೋರ್ತಾ ಇದೆ" ಅಂದಳು. ಅಪ್ಪ ತಲೆಯೆತ್ತದೆ ಒಂದು ಬೆರಳು ಎತ್ತಿದರು. ಅಮ್ಮ ಬಾಗಿಲಲ್ಲೇ ನಿಂತಳು. ನೀರು ಹರಿದು ಕಾರ್ಪೆಟ್ಟಿಗೆ ಬಂದರೂ ಅವಳು ಅಲ್ಲಾಡಲಿಲ್ಲ. ಕತ್ತಿ ಒರೆಯೊಳಗೆ ಹೋದ ಮೇಲೆ ಅಪ್ಪ ಬಾಯಿಂದ ಕಾಗದ ತೆಗೆದು ಮೆಲ್ಲಗೆ ಹೇಳಿದರು:

"ಮಾತಾಡುವಾಗ ನಿನ್ನ ಬಾಯಿಂದ ಎಷ್ಟು ಎಂಜಲು ಹಾರುತ್ತೆ ಅಂತ ನಿಂಗೇ ಗೊತ್ತಿಲ್ಲ."

ಅವರು ಯಾವತ್ತೂ ಕೂಗಾಡಿದವರಲ್ಲ, ಕೈ ಎತ್ತಿದವರೂ ಅಲ್ಲ. ಸುತ್ತಲಿನ ಕನ್ನಡದ ಮನೆಗಳಲ್ಲಿ ಅವರಿಗೆ ಬಹಳ ಸಂಭಾವಿತರೆಂದು ಹೆಸರಿತ್ತು. ಯುಗಾದಿಗೋ ಯಾರದೋ ಹುಟ್ಟುಹಬ್ಬಕ್ಕೋ ಜನ ಸೇರಿದಾಗ ಕತ್ತಿ ನೋಡಬೇಕೆಂದು ಎಲ್ಲರೂ ಕೇಳುವರು. ಆಗ ನನ್ನ ಪಾಳಿ. ಹಿಡಿಗೂ ಅಲಗಿಗೂ ನಡುವೆ ಬರುವ ಅಂಗೈಯಗಲದ ದುಂಡು ತಟ್ಟೆಗೆ ತ್ಸುಬಾ ಎಂದು ಹೆಸರು. ನಮ್ಮ ತ್ಸುಬಾ ಕಾಡಿಗೆಯಷ್ಟು ಕಪ್ಪು, ಅದರ ಮೇಲೆ ಚಿನ್ನದ ಎಳೆಯಲ್ಲಿ ಮೂರು ಬಾತುಗಳು ಜೊಂಡಿನ ಮೇಲೆ ಹಾರುತ್ತಿದ್ದವು. ಹಿಡಿಯ ರೇಷ್ಮೆ ಪಟ್ಟಿಯ ಕೆಳಗೆ ಆ ಕಡೆಗೊಂದು, ಈ ಕಡೆಗೊಂದು ಪುಟ್ಟ ಕಪ್ಪು ಮಿಡತೆ. ತಾಮ್ರಕ್ಕೆ ಚೂರು ಚಿನ್ನ ಬೆರೆಸಿ, ಔಷಧದ ನೀರಿನಲ್ಲಿ ಕುದಿಸಿ ಕುದಿಸಿ ಬರಿಸಿದ ಕಪ್ಪು ಅದು. ಕೂದಲೆಳೆಯಷ್ಟೂ ದಪ್ಪವಿಲ್ಲ, ಉಜ್ಜಿದರೆ ಹೋಯಿತು. ಇದನ್ನೆಲ್ಲ ಅಪ್ಪ ನನಗೆ ಬಾಯಿಪಾಠ ಮಾಡಿಸಿದ್ದರು. ನಾನು ನಾಲ್ಕನೇ ಕ್ಲಾಸಿನ ಯೂನಿಫಾರಂ ಸ್ಕರ್ಟಿನ ಅಂಚು ಹಿಡಿದುಕೊಂಡು ಅತಿಥಿಗಳ ಮುಂದೆ ನನ್ನ ಡಬ್ಲಿನ್ ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದೆ, "ದ ಬ್ಲ್ಯಾಕ್ ಈಸ್ ನಾಟ್ ಡರ್ಟ್, ಇಟ್ಸ್ ದ ಸ್ಕಿನ್." ಎಲ್ಲರೂ ನಗುವರು, ಚಪ್ಪಾಳೆ ತಟ್ಟುವರು. ಹಿಡಿಯಲ್ಲಿ ಕಡ್ಡಿಯಷ್ಟು ದಪ್ಪದ ಬಿದಿರಿನ ಮೊಳೆಯೊಂದಿತ್ತು. ಅದನ್ನು ಪುಟ್ಟ ಹಿತ್ತಾಳೆ ಸುತ್ತಿಗೆಯಿಂದ ಒಂದೇ ಕಡೆಯಿಂದ ಹೊಡೆದು ತೆಗೆಯಬೇಕು, ಇನ್ನೊಂದು ಕಡೆಯಿಂದ ಎಷ್ಟು ಹೊಡೆದರೂ ಬರುವುದಿಲ್ಲ. ಆ ಮೊಳೆ ತೆಗೆದರೆ ಮಾತ್ರ ಕತ್ತಿ ಬಿಚ್ಚಿಕೊಳ್ಳುತ್ತದೆ. ಇದನ್ನೂ ಅಪ್ಪ ನನಗೊಬ್ಬಳಿಗೇ ಕಲಿಸಿದ್ದರು. ಅಮ್ಮನಿಗೆ ಮುಟ್ಟಲು ಅಪ್ಪಣೆ ಇರಲಿಲ್ಲ. ನನಗೆ ಆ ಮೇಲುಗೈ ಬಹಳ ಇಷ್ಟವಾಗಿತ್ತು.

ಆ ವರ್ಷ ಅಲ್ಲಿನ ಬೇಸಿಗೆ ಮುಗಿಯುವಾಗ, ಆಗಸ್ಟಿನಲ್ಲಿ, ಅಮ್ಮನ ಅಮ್ಮ ಮೈಸೂರಿನಿಂದ ಮೂರು ತಿಂಗಳ ವೀಸಾದಲ್ಲಿ ಬಂದಳು. ತಾತ ಹೋದ ಮೇಲೆ ಅವಳು ತಂಗಿ ಸೀತಜ್ಜಿಯ ಮನೆಯಲ್ಲಿ, ನಡುಮನೆಯ ಒಂದು ಮಂಚದಲ್ಲಿ ಇದ್ದಳು. ಅಮ್ಮ ಒಬ್ಬಳೇ ಮಗಳು. ಅಜ್ಜಿ ನಮ್ಮ ಜೊತೆಗೇ ಉಳಿಯಬಹುದೇ ಎಂದು ಕೇಳಿಕೊಳ್ಳುವ ಒಂದು ಅರ್ಜಿಯನ್ನು ಅಮ್ಮ ಯಾರಿಂದಲೋ ತಿಳಿದು ತರಿಸಿ, ತುಂಬಿ, ಫ್ರಿಜ್ಜಿನ ಮೇಲೆ ಇಟ್ಟಿದ್ದಳು. ಅಪ್ಪನ ಸಹಿಯೊಂದು ಬಾಕಿ. ಕೇಳಿದಾಗಲೆಲ್ಲ ಅಪ್ಪ ಹೇಳುತ್ತಿದ್ದುದು ಒಂದೇ ಮಾತು:

"ಅವ್ರು ಹೇಗೆ ಅಡ್ಜಸ್ಟ್ ಆಗ್ತಾರೆ, ನೋಡೋಣ."

ಅಜ್ಜಿ ಎದುರಿಗೇ ಕೂತಿದ್ದರೂ ಹೀಗೇ ಹೇಳುತ್ತಿದ್ದರು. ಅವಳೊಡನೆ ನೇರವಾಗಿ ಮಾತಾಡಿದ್ದು ಕಡಿಮೆ. "ಕೆಮ್ಮೋದಾದ್ರೆ ಮೇಲೆ ಹೋಗಿ ಕೆಮ್ಮೋಕೆ ಹೇಳು", "ಅಗರಬತ್ತಿ ಹಚ್ಚಿದ್ರೆ ಸ್ಮೋಕ್ ಅಲಾರಂ ಹೊಡಕೊಳ್ಳುತ್ತೆ ಅಂತ ಹೇಳು", ಎಲ್ಲ ಅಮ್ಮನ ಮೂಲಕ. ಅಜ್ಜಿ ತಾನು ಪರೀಕ್ಷೆಗೆ ಕೂತಿದ್ದೇನೆಂದು ಚೆನ್ನಾಗಿ ತಿಳಿದಿದ್ದಳು, ಪಾಪ, ಪಾಠ ಯಾವುದೆಂದು ಮಾತ್ರ ತಿಳಿದಿರಲಿಲ್ಲ. ಬಂದ ಮೊದಲ ಭಾನುವಾರ ಲವಂಗದ ವಾಸನೆ ಹಿಡಿದು ಕೆಳಗಿಳಿದು ಬಂದು, "ಯಾರಿಗೆ ಹಲ್ಲುನೋವು?" ಎಂದು ಕೇಳಿಬಿಟ್ಟಳು. ಟಿಶ್ಯೂ ಕಚ್ಚಿಕೊಂಡಿದ್ದ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಆ ದಿನವಿಡೀ ಅಮ್ಮನ ಕಡೆ ತಿರುಗಲಿಲ್ಲ. ಮುಂದಿನ ವಾರದಿಂದ ಅಜ್ಜಿಗೂ ಒಂದು ಟಿಶ್ಯೂ ಬಂತು. ಅವಳ ಬಾಯಲ್ಲಿ ಮುಂದಿನ ಹಲ್ಲುಗಳಿರಲಿಲ್ಲವಾದ್ದರಿಂದ ತುಟಿಯಲ್ಲಿ ಒತ್ತಿ ಹಿಡಿದುಕೊಳ್ಳುತ್ತಿದ್ದಳು. ಅದು ಒದ್ದೆಯಾಗಿ ಹರಿದು ಸೆರಗಿನ ಮೇಲೆ ಬೀಳುತ್ತಿತ್ತು. ನಮ್ಮ ದೇವರುಗಳು ಇದ್ದದ್ದು ಮೇಲಿನ ಹಾಟ್ ಪ್ರೆಸ್ಸಿನಲ್ಲಿ, ಅಂದರೆ ಬಿಸಿನೀರಿನ ಸಿಲಿಂಡರಿನ ಬೀರುವಿನಲ್ಲಿ, ಟವೆಲ್ಲುಗಳ ಪಕ್ಕ. ಅದನ್ನು ನೋಡಿ ಅವಳು ಅಮ್ಮನಿಗೆ ಹೇಳಿದಳು, "ದೇವ್ರು ಬೀರೊಳಗೆ, ಕತ್ತಿ ನಡುಮನೇಲಿ. ನಿನ್ ಗಂಡಂಗೆ ಕತ್ತಿ ಮೇಲೆ ಎಷ್ಟು ಭಕ್ತಿ ನೋಡೇ." ಅದು ಕೊಂಕಲ್ಲ, ನಿಜವಾಗಿ ಮೆಚ್ಚಿಯೇ ಹೇಳಿದ್ದು.

ನನಗೆ ಅಜ್ಜಿ ಬೇಕಿರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಅವಳಿಗೆ ನನ್ನ ಕೋಣೆ ಕೊಟ್ಟು, ನನ್ನನ್ನು ನೆಲದ ಮೇಲಿನ ಹಾಸಿಗೆಗೆ ಇಳಿಸಿದ್ದರು. ನನ್ನ ಕಿಟಕಿಯ ಕರ್ಟನ್ ರಾಡಿನ ಮೇಲೆ ಅವಳ ಸೀರೆ ಒಣಗುತ್ತಿತ್ತು. ನನ್ನ ದಿಂಬಿಗೆ ಹರಳೆಣ್ಣೆಯ ವಾಸನೆ ಬಂದಿತ್ತು. ಇದನ್ನಾದರೂ ಸಹಿಸುತ್ತಿದ್ದೆನೋ ಏನೋ. ಸೆಪ್ಟೆಂಬರಿನಲ್ಲಿ ಒಂದು ದಿನ ನನ್ನ ಗೆಳತಿ ಕೀರಾ ಶಾಲೆಯಿಂದ ನೇರ ನಮ್ಮ ಮನೆಗೆ ಬಂದಳು. ಅಜ್ಜಿ ಅವಳಿಗೆ ಹಾಲು ಕೊಟ್ಟಳು, ಚಕ್ಕುಲಿ ಕೊಟ್ಟಳು, ಗಲ್ಲ ಹಿಂಡಿದಳು. ಕೀರಾ ಎದ್ದ ಕೂಡಲೇ ಅವಳ ಲೋಟವನ್ನು ಎರಡು ಬೆರಳಲ್ಲಿ ಎತ್ತಿ ಹಿತ್ತಲ ಮೆಟ್ಟಿಲ ಮೇಲೆ ಬೇರೆಯಾಗಿ ಇಟ್ಟಳು, ಅವಳು ಕೂತಿದ್ದ ಕುರ್ಚಿಗೆ ನೀರು ಚಿಮುಕಿಸಿ ಒರೆಸಿದಳು. ಅಜ್ಜಿಯ ಮಡಿ ಅಂಥದ್ದು. ಪ್ರೀತಿಗೂ ಮಡಿಗೂ ಅವಳಲ್ಲಿ ಜಗಳವೇ ಇರಲಿಲ್ಲ. ಕೀರಾ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಎಲ್ಲ ನೋಡಿದಳು.

"ವೈ ಈಸ್ ಯರ್ ನ್ಯಾನ್ ವಾಷಿಂಗ್ ಮೈ ಚೇರ್?"

ನಾನು ಅವಳ ಬ್ಯಾಗು ಎತ್ತಿಕೊಟ್ಟೆ. "ಯು'ರ್ ಗ್ರ್ಯಾಂಡ್," ಅಂದರೆ ಪರವಾಗಿಲ್ಲ ಬಿಡು, ಎಂದು ಅವಳೇ ನನಗೆ ಸಮಾಧಾನ ಹೇಳಿ ಹೋದಳು. ಮರುದಿನದಿಂದ ಊಟದ ಬಿಡುವಿನಲ್ಲಿ ನಾನು ಎದ್ದ ಕುರ್ಚಿಯನ್ನೆಲ್ಲ ಹುಡುಗಿಯರು ತೋಳಿನಿಂದ ಒರೆಸಿ ನಗತೊಡಗಿದರು. ಮನೆಗೆ ಬಂದು ಅಮ್ಮನಿಗೂ ಹೇಳಲಿಲ್ಲ, ಅಜ್ಜಿಗೂ ಹೇಳಲಿಲ್ಲ. ಅವಳು ಹೋಗಬೇಕು ಎಂದಷ್ಟೇ ಗಟ್ಟಿಮಾಡಿಕೊಂಡೆ. ಫ್ರಿಜ್ಜಿನ ಮೇಲಿನ ಆ ಕಾಗದವನ್ನು ದಿನವೂ ನೋಡುತ್ತಿದ್ದೆ, ಸಹಿ ಬಿದ್ದಿದೆಯೇ ಎಂದು.

ನವರಾತ್ರಿ ಬಂತು. ಆಯುಧಪೂಜೆಯ ಹಿಂದಿನ ದಿನ ನಾನು ಶಾಲೆಯಿಂದ ಬರುವ ಹೊತ್ತಿಗೆ ಅಜ್ಜಿ ಅಡುಗೆಮನೆಯ ನೆಲದ ಮೇಲೆ ಪೇಪರ್ ಹಾಸಿ ಕೂತಿದ್ದಳು. ಮುಂದೆ ತೊಳೆದಿಟ್ಟ ಚಾಕು, ಕತ್ತರಿ, ಈಳಿಗೆ, ಅಪ್ಪನ ಸ್ಕ್ರೂಡ್ರೈವರ್, ಅಮ್ಮನ ಹೊಲಿಗೆ ಡಬ್ಬಿ. ಅಮ್ಮ ಶಾಪಿಂಗ್ ಸೆಂಟರಿನ ಕೆಲಸಕ್ಕೆ ಹೋಗಿದ್ದಳು, ಅಪ್ಪ ಆಫೀಸಿಗೆ. ಬಟ್ಟಲಲ್ಲಿ ಹುಣಸೆಹಣ್ಣು ನೆನೆದಿತ್ತು, ಪಕ್ಕದಲ್ಲಿ ಕಲ್ಲುಪ್ಪು.

"ಪುಟ್ಟಿ, ಮನೇಲಿ ಅಷ್ಟು ದೊಡ್ಡ ಕತ್ತಿ ಇಟ್ಕೊಂಡು ಆಯುಧಪೂಜೆಗೆ ಚಾಕು ಕತ್ತರಿ ಇಡೋದೇನೇ? ಅದರ ಬಿಲ್ಲೆ ನೋಡಿದೀಯಾ, ಕರ್ರಗೆ ಕಿಲುಬು ಹಿಡಿದಿದೆ. ನಿಮ್ಮಪ್ಪಂಗೆ ಪಾಪ ಪುರುಸೊತ್ತಿಲ್ಲ. ನಾನು ತೊಳೆದಿಡ್ತೀನಿ. ಬೈತಾರೇನೋ ಮತ್ತೆ?"

ಆ ಕಪ್ಪು ಏನೆಂದು ಆ ಮನೆಯಲ್ಲಿ ಅಪ್ಪನನ್ನು ಬಿಟ್ಟರೆ ಬಾಯಿಪಾಠವಾಗಿದ್ದದ್ದು ನನಗೊಬ್ಬಳಿಗೇ. ಅಜ್ಜಿಯೊಡನೆ ನಾನು ಯಾವತ್ತೂ ಕನ್ನಡದಲ್ಲಿ ಮಾತಾಡಿದವಳಲ್ಲ, ಅವಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಎರಡಕ್ಷರ ಎಸೆದು ಮೇಲೆ ಓಡುತ್ತಿದ್ದೆ. ಅಂದು ಮಾತ್ರ, ಅವಳಿಗೆ ಅರ್ಥವಾಗದೆ ಹೋದೀತು ಎಂಬ ಭಯದಿಂದ, ಪದ ಪದ ಜೋಡಿಸಿ ಹೇಳಿದೆ.

"ಬೈಯಲ್ಲ ಅಜ್ಜಿ. ಅಪ್ಪಂಗೆ ತುಂಬ ಖುಷಿ ಆಗತ್ತೆ."

ಅಜ್ಜಿಯ ಮುಖ ಅರಳಿತು. ನನ್ನ ಕನ್ನಡ ಕೇಳಿದ್ದಕ್ಕೇ ಅರಳಿತು. ಹುಣಸೆಹಣ್ಣಿನ ಕೈಯಲ್ಲೇ ನನ್ನ ಕೆನ್ನೆ ನಿವಾಳಿಸಿ ನೆಟಿಕೆ ಮುರಿದಳು. "ನನ್ ಬಂಗಾರ" ಅಂದಳು. ನಾನು ಕುರ್ಚಿ ಹತ್ತಿ ಕತ್ತಿ ಇಳಿಸಿಕೊಟ್ಟೆ, ಸುತ್ತಿಗೆ ತಂದು ಸರಿಯಾದ ಕಡೆಯಿಂದ ಎರಡೇಟು ಹಾಕಿ ಮೊಳೆ ತೆಗೆದೆ, ಹಿಡಿ ಬಿಚ್ಚಿದೆ, ತ್ಸುಬಾ ಬಿಡಿಸಿ ಅವಳ ಅಂಗೈಯಲ್ಲಿಟ್ಟೆ. ಅವಳು ಗಂಗಾಳ ತೊಳೆಯುವ ಹಾಗೆ ತೊಳೆದಳು. ಹುಣಸೆಹಣ್ಣು, ಉಪ್ಪು, ಪಾತ್ರೆ ಉಜ್ಜುವ ಹಸಿರು ಬ್ರಷ್ಷು. ಮೊದಲು ಅಂಚಿನಲ್ಲಿ ಕೆಂಪಾಯಿತು, ಆಮೇಲೆ ನಡುವೆ. ಬಾತುಗಳ ರೆಕ್ಕೆಯ ಚಿನ್ನದ ಎಳೆ ಕಿತ್ತು ಬ್ರಷ್ಷಿನಲ್ಲಿ ಸಿಕ್ಕಿಕೊಂಡಿತು, ಅವಳಿಗೆ ಅದು ಕಾಣಲಿಲ್ಲ, ನನಗೆ ಕಂಡಿತು. ಮಿಡತೆಗಳಿಗೂ ಅದೇ ಆಯಿತು. ಹಿಡಿಯೊಳಗೆ ಇರುವ ಅಲಗಿನ ಬಾಲವನ್ನು, ಮುನ್ನೂರು ವರ್ಷದ ತುಕ್ಕೇ ಅದರ ಗುರುತು ಎಂದು ಅಪ್ಪ ಹೇಳುತ್ತಿದ್ದುದನ್ನು, ಸ್ಟೀಲ್ ನಾರಿನಿಂದ ತಿಕ್ಕಿ ಬೆಳ್ಳಗೆ ಮಾಡಿದಳು. ಅವಳು ಒಂದು ದೇವರನಾಮ ಗುನುಗುತ್ತಿದ್ದಳು. ನಾನು ನಲ್ಲಿ ನೀರು ಹಿಡಿದು ಕೊಡುತ್ತಿದ್ದೆ. ಎಲ್ಲ ಒರೆಸಿ ನಾನೇ ಮತ್ತೆ ಜೋಡಿಸಿದೆ. ಮುಟ್ಟಿದರೆ ಕೈ ಕೊಯ್ಯುವ ಅಲಗಿಗೆ ಅವಳು ವಿಭೂತಿ ಎಳೆದು ಕುಂಕುಮವಿಟ್ಟು, ತನ್ನ ರೇಷ್ಮೆ ಸೀರೆಯೊಂದನ್ನು ಹೊದಿಸಿದಳು. ಬೆಳಿಗ್ಗೆ ಎಲ್ಲರ ಮುಂದೆ ತೆಗೆಯೋಣ, ಈಗ ಯಾರಿಗೂ ಹೇಳಬೇಡ ಅಂದಳು. ನಾನು ಹೇಳಲಿಲ್ಲ. ಅಪ್ಪ ರಾತ್ರಿ ತಡವಾಗಿ ಬಂದು, ಮುಂದಿನ ಕೋಣೆಗೆ ಇಣುಕದೆ ಮೇಲೆ ಹೋದರು.

ಬೆಳಿಗ್ಗೆ ಅಪ್ಪ ಆಫೀಸಿನ ಶರ್ಟು ಹಾಕಿಕೊಂಡು, ಕತ್ತಿನಲ್ಲಿ ಕಾರ್ಡು ತಗುಲಿಸಿಕೊಂಡು ಕೆಳಗಿಳಿದರು. ಕಾರಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟಾಗಿತ್ತು. ಅವರ ಲ್ಯಾಪ್‌ಟಾಪಿಗೆ ಅಮ್ಮ ಕುಂಕುಮ ಇಟ್ಟಿದ್ದಳು. ಅಜ್ಜಿ ದೀಪ ಹಚ್ಚಿ, "ನೋಡಿ" ಎಂದು, ಆ ಮನೆಗೆ ಬಂದ ಮೇಲೆ ಮೊದಲ ಸಲ ಅಪ್ಪನ ಮುಖ ನೋಡಿ ನಕ್ಕು, ಸೀರೆ ಎತ್ತಿದಳು. ತ್ಸುಬಾ ಹೊಸ ತಾಮ್ರದ ಚೊಂಬಿನ ಹಾಗೆ ಥಳಥಳಿಸುತ್ತಿತ್ತು. ಅಪ್ಪ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಸಲ ನನ್ನ ಕಡೆ ನೋಡಿದರು. ಅಷ್ಟರಲ್ಲೇ ಅವರಿಗೆ ಎಲ್ಲ ತಿಳಿದುಹೋಯಿತೆಂದು ನಾನು ಆಣೆಯಿಟ್ಟು ಹೇಳಬಲ್ಲೆ.

"ಇದನ್ನ ಬಿಚ್ಚಿದ್ದು ಯಾರು?"

ಅಜ್ಜಿಗೆ ಏನೋ ತಪ್ಪಾಯಿತೆಂದು ದನಿಯಲ್ಲೇ ಗೊತ್ತಾಯಿತು. ಅವಳೂ ನನ್ನ ಕಡೆ ನೋಡಿದಳು. "ನಾನೇ" ಅಂದಳು.

"ನೀವೇ? ಮೊಳೆ ತೆಗೆದಿದ್ದೂ ನೀವೇನಾ?"

"ಹೂಂ. ನಾನೇ."

"ಸರಿ. ಹೇಗೆ ತೆಗೆದ್ರಿ, ತೋರಿಸಿ."

ಅಷ್ಟು ದಿನಗಳಲ್ಲಿ ಅವರು ಅವಳೊಡನೆ ನೇರವಾಗಿ ಅಷ್ಟು ಮಾತಾಡಿದ್ದು ಅದೇ. ಸುತ್ತಿಗೆ ತಂದು ಅವಳ ಮುಂದೆ, ದೀಪದ ಪಕ್ಕ ಇಟ್ಟರು. ಅಜ್ಜಿ ಕತ್ತಿಯ ಹಿಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೊಳೆ ಹುಡುಕಿ, ಹೊಡೆದಳು. ತಪ್ಪು ಕಡೆಯಿಂದ ಹೊಡೆದಳು. ಮತ್ತೆ ಹೊಡೆದಳು. ಸುತ್ತಿಗೆ ಜಾರಿ ಹೆಬ್ಬೆರಳಿಗೆ ಬಿತ್ತು. ಉಗುರಿನ ಕೆಳಗೆ ರಕ್ತ ಕಟ್ಟಿ ಕಪ್ಪಾಗುವುದು ನನಗೆ ಕಾಣುತ್ತಿತ್ತು.

"ಸಾಕ್ ಮಾಡ್ರೀ," ಎಂದು ಅಮ್ಮ ಅಳತೊಡಗಿದಳು. "ವಯಸ್ಸಾದೋರು ಕಣ್ರೀ. ಕಾಲಿಗೆ ಬೀಳ್ತೀನಿ."

"ಅವರೇ ಮಾಡಿದ್ದು ಅಂದ್ರಲ್ಲ. ನೋಡೋಣ. ಆಫೀಸಿಗೆ ಲೇಟಾದ್ರೂ ಪರವಾಗಿಲ್ಲ."

ನನ್ನ ಹೆಸರು ಅವಳ ಬಾಯಿಂದ ಬರಲಿ ಎಂದು ಅಪ್ಪ ಕಾಯುತ್ತಿದ್ದರು. ಅದು ಬರಲಿಲ್ಲ. ಅವಳು ತಲೆ ತಗ್ಗಿಸಿ ಹೊಡೆಯುತ್ತಲೇ ಇದ್ದಳು. ನಾನು ಎರಡು ಹೆಜ್ಜೆ ಇಟ್ಟು ಹಿಡಿಯನ್ನು ಹೊರಳಿಸಿ ಕೊಟ್ಟಿದ್ದರೆ ಸಾಕಿತ್ತು. ನಾನು ಬ್ಯಾಗು ಹೆಗಲಿಗೇರಿಸಿಕೊಂಡು, ಶಾಲೆಗೆ ಹೊತ್ತಾಯಿತೆಂದು ಇಂಗ್ಲಿಷಿನಲ್ಲಿ ಹೇಳಿ, ಬಾಗಿಲೆಳೆದುಕೊಂಡು ಹೊರಟೆ. ಗೇಟಿನ ತನಕ ಆ ಟಕ್ ಟಕ್ ಕೇಳುತ್ತಿತ್ತು. ಅದು ಎಷ್ಟು ಹೊತ್ತು ನಡೆಯಿತೆಂದು ನಾನು ಯಾರನ್ನೂ ಕೇಳಲಿಲ್ಲ.

ಸಂಜೆ ಬಂದಾಗ ಫ್ರಿಜ್ಜಿನ ಮೇಲೆ ಕಾಗದ ಇರಲಿಲ್ಲ. ಅಜ್ಜಿಯ ಟಿಕೆಟ್ಟನ್ನು ಮುಂಚಿನ ತಾರೀಖಿಗೆ ಬದಲಾಯಿಸಿದ್ದರು, ದೀಪಾವಳಿಗೂ ಅವಳನ್ನು ಉಳಿಸಿಕೊಳ್ಳಲಿಲ್ಲ. ಏರ್‌ಪೋರ್ಟಿನಲ್ಲಿ ಅಮ್ಮ ಟ್ರಾಲಿ ತರಲು ಹೋದಾಗ ಅಜ್ಜಿ ಬಟ್ಟೆ ಸುತ್ತಿದ ಹೆಬ್ಬೆರಳಿನ ಕೈಯಿಂದ ನನ್ನ ಗಲ್ಲ ಹಿಡಿದಳು.

"ನೀನು ಕೈ ಹಾಕಿದ್ದು ಯಾವತ್ತೂ ಹೇಳ್ಬೇಡ ಪುಟ್ಟಿ. ನಿಂಗೇನು ಗೊತ್ತು ಪಾಪ, ನಂಗೆ ಸಹಾಯ ಮಾಡಕ್ಕೆ ಬಂದೆ. ಆ ಮನೇಲಿ ನನ್ನ ಪಕ್ಕ ಕೂತಿದ್ದು ನೀನೊಬ್ಳೇ."

ಅದರ ಮುಂದಿನ ಭಾನುವಾರ ಅಪ್ಪ ನನಗೆ ನನ್ನ ಅಳತೆಯ ಬಿಳಿ ಕೈಗವಸು ತಂದುಕೊಟ್ಟರು. ಬೈಯಲಿಲ್ಲ, ಕೇಳಲಿಲ್ಲ. "ಸುತ್ತಿಗೆ ಹಿಡಿಯೋದು ನಿಂಗೆ ಚೆನ್ನಾಗಿ ಬರುತ್ತೆ," ಎಂದಷ್ಟೇ ಅಂದು ಸಣ್ಣಗೆ ನಕ್ಕರು. ನಾಚಿಕೆಯಾಗಲಿಲ್ಲ ನನಗೆ, ಹೆಮ್ಮೆಯಾಯಿತು. ಅದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ, ಆದರೆ ಹೆಮ್ಮೆಯಾದದ್ದು ನಿಜ. ಕತ್ತಿಯನ್ನು ಅವರು ಮಾರಲಿಲ್ಲ, ತ್ಸುಬಾ ಬದಲಿಸಲೂ ಇಲ್ಲ. ಬಂದವರಿಗೆಲ್ಲ ಆ ಕೆಂಪು ತಾಮ್ರವನ್ನು ತೋರಿಸಿ, "ಇದು ನಮ್ಮತ್ತೆಯವರ ಕೈಕೆಲಸ," ಎನ್ನುತ್ತಿದ್ದರು. ಜನ ನಗುತ್ತಿದ್ದರು. ಅಮ್ಮ ಕಾಫಿ ತಟ್ಟೆ ಹಿಡಿದುಕೊಂಡು ನಿಂತಿರುತ್ತಿದ್ದಳು. ನಾನೂ ನಗುತ್ತಿದ್ದೆ. ಯಾರ ಎದುರಿಗಾದರೂ ದನಿಯೆತ್ತದೆ ಚುಚ್ಚಿ ಮಾತಾಡುವುದನ್ನು ನಾನು ಕಲಿತದ್ದು ಆ ಕೋಣೆಯಲ್ಲೇ. ನನ್ನನ್ನು ಬಿಟ್ಟುಹೋದ ಗಂಡ ಕೊನೆಗೆ ಹೇಳಿದ್ದೂ ಇದನ್ನೇ, ನೀನು ಜಗಳ ಆಡಿದ್ದರೆ ಇರುತ್ತಿದ್ದೆ ಎಂದು.

ಕನ್ನಡ ಓದಲು ಬರೆಯಲು ಕಲಿತದ್ದು ಅವನು ಹೋದ ಮೇಲೆ, ಅಮ್ಮನ ಹತ್ತಿರ. ಅಜ್ಜಿಗೆ ಒಂದು ಕಾಗದ ಬರೆಯಬೇಕಿತ್ತು. ಎಷ್ಟೋ ಸಲ ಶುರುಮಾಡಿ ಹರಿದು ಹಾಕಿ, ಕಡೆಗೆ ನಾನೇ ಹೋದೆ. ಮೈಸೂರಿನಲ್ಲಿ ನಾಲ್ಕು ದಿನ ಇರುವುದೆಂದು ಮೊದಲೇ ಹೇಳಿದ್ದೆ. ಅಜ್ಜಿಗೆ ತೊಂಬತ್ತು ಹತ್ತಿರ. ನಡುಮನೆಯ ಅದೇ ಮಂಚದ ಪಕ್ಕ ನನಗೊಂದು ಹೊಸ ಹಾಸಿಗೆ ಹಾಸಿಸಿದ್ದಳು, ಹೊಸ ದಿಂಬು, ಹೊಸ ಟವೆಲ್ಲು. ಹಾಲಿನವನಿಗೆ, ಎದುರುಮನೆಯವರಿಗೆ, ಕೆಲಸದವಳಿಗೆ, ಕೂಗಿ ಕೂಗಿ ಹೇಳಿದಳು, "ಇವಳೇ ಕಣ್ರೋ. ಅಲ್ಲಿ ನನ್ನ ಪಕ್ಕ ಕೂತಿದ್ದ ಮಗು ಇವಳೇ." ಆ ಕಥೆ ಆ ಬೀದಿಗೆಲ್ಲ ಗೊತ್ತಿತ್ತು. ನನಗೆ ಅದನ್ನು ಕೇಳಿಸಿಕೊಂಡು ಕೂರಲಾಗಲಿಲ್ಲ. ಬಂದು ಒಂದು ಗಂಟೆಯೂ ಆಗಿರಲಿಲ್ಲ. ಅವಳು ಮೊರದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಆ ಕಪ್ಪು ಏನೆಂದು ಗೊತ್ತಿತ್ತು ಎಂದು, ಬೈಯಲ್ಲ ಎಂದು ಬೇಕೆಂದೇ ಹೇಳಿದೆ ಎಂದು, ಯಾಕೆ ಎಂದು. ಹೇಳುತ್ತ ಹೇಳುತ್ತ ನನಗೆ ಹಗುರವಾಗುತ್ತಿತ್ತು. ಅವಳ ಕೈ ನಿಂತದ್ದನ್ನು ಆಮೇಲೆ ನೋಡಿದೆ.

"ಹಾಗಾದ್ರೆ ನಿಂಗೂ ನಾನು ಬೇಡವಾಗಿದ್ನಾ?"

ನಾನು ಚಿಕ್ಕವಳಿದ್ದೆ ಅಜ್ಜಿ ಎಂದೆ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಉಳಿದ ಸೊಪ್ಪನ್ನು ಬಿಡಿಸಿ, ಕಡ್ಡಿಗಳನ್ನು ಒಟ್ಟು ಮಾಡಿ ಪೇಪರಿನಲ್ಲಿ ಸುತ್ತಿದಳು. ಮೊರವನ್ನು ಗೋಡೆಗೆ ಒರಗಿಸಿದಳು. ಆಮೇಲೆ ಒಳಗೆ ತಿರುಗಿ ತಂಗಿಯನ್ನು ಕೂಗಿದಳು.

"ಸೀತಾ, ಇವ್ರಿಗೆ ಊಟಕ್ಕೆ ಬಡಿಸು. ಹೊರಡ್ತಾರಂತೆ."